ಪಹಣಿಗೆ ಬಂದ ಪರಿಹಾರ

2020ರ ಮಾರ್ಚ್ 25 ಯುಗಾದಿಯ ದಿನ. ಅಂದೇ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂತು. ಹೂವಿನಹಡಗಲಿಯ ತೋಟಗಳಲ್ಲಿ ಅದು ಮಲ್ಲಿಗೆಯ ಕಾಲ. ಗುಡಿಗಳ ಬಾಗಿಲು ಮುಚ್ಚಿದವು, ಮದುವೆಗಳು ಮುಂದಕ್ಕೆ ಹೋದವು, ಬಸ್ಸುಗಳು ನಿಂತವು. ವಿಜಯನಗರದ ಅರಸರ ಕಾಲದಲ್ಲಿ ದೋಣಿಯೇರಿ ಹಂಪಿಗೆ ಹೋಗುತ್ತಿತ್ತೆಂಬ ಪ್ರತೀತಿಯುಳ್ಳ, ನಮ್ಮ ಕಾಲದಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹೂವಿಗೆ ಕೊಳ್ಳುವವರೇ ಇಲ್ಲದಾದರು. ಮಲ್ಲಿಗೆಯನ್ನು ನಾಳೆಗೆಂದು ಎತ್ತಿಡಲು ಬರುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಮಳೆಯಾಶ್ರಿತ ಹೊಲಗಳ ಮೆಕ್ಕೆಜೋಳಕ್ಕೆ ಬಂದ ಕುತ್ತು ಬೇರೆ ಬಗೆಯದು. ಕೋಳಿಮಾಂಸದಿಂದ ಸೋಂಕು ಹರಡುತ್ತದೆಂಬ ವದಂತಿಗೆ ಕೋಳಿ ಉದ್ಯಮ ನೆಲಕಚ್ಚಿತು. ಕೋಳಿಯ ಆಹಾರವಾದ ಜೋಳದ ದರವೂ 1,760 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿಯಿತು.

ಸರ್ಕಾರ ಕೈಕಟ್ಟಿ ಕೂರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹಣ್ಣು, ತರಕಾರಿ ಬೆಳೆಗಾರರಿಗೆ 15,000 ರೂಪಾಯಿ, ಮೆಕ್ಕೆಜೋಳ ಬೆಳೆದ 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ಘೋಷಿಸಿದರು. ಹೂವಿನ ಪರಿಹಾರಕ್ಕೆ ಒಂದು ಹೆಕ್ಟೇರಿನ ಮಿತಿಯಿತ್ತು. ಮಧ್ಯವರ್ತಿಯ ಕೈಗೆ ಸಿಗದೆ ನೇರವಾಗಿ ಬ್ಯಾಂಕ್ ಖಾತೆಗೆ ಹಣ ಕಳಿಸುವ ಕ್ರಮವನ್ನು ಮೆಚ್ಚಲೇಬೇಕು. ಆದರೆ ಹತ್ತು ಗುಂಟೆ ಮಲ್ಲಿಗೆಯವನ ಪಾಲಿಗೆ ಈ ಲೆಕ್ಕದಲ್ಲಿ ಬರುವುದು ಸುಮಾರು 2,500 ರೂಪಾಯಿ. ಕ್ವಿಂಟಲಿಗೆ 400 ರೂಪಾಯಿ ಕಡಿಮೆಗೆ ಜೋಳ ಮಾರಿದವನಿಗೆ 5,000 ರೂಪಾಯಿ ತುಂಬಿಕೊಡುವುದು ಹನ್ನೆರಡೂವರೆ ಕ್ವಿಂಟಲಿನ ನಷ್ಟವನ್ನು ಮಾತ್ರ.

ಮೊತ್ತ ಸಾಲದೆಂಬುದು ಹಳೆಯ ದೂರು, ಇರಲಿ. ಹಣ ಯಾರ ಖಾತೆಗೆ ಹೋಯಿತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಬೆಳೆ ಸಮೀಕ್ಷೆ ನಡೆಯುವುದು ಸರ್ವೆ ನಂಬರಿನ ಮೇಲೆ. ಸರ್ವೆ ನಂಬರಿನ ಬೆನ್ನಿಗಿರುವುದು ಪಹಣಿ. ಕೋರಿಗೋ ಲಾವಣಿಗೋ ಹೊಲ ಹಿಡಿದು ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನ ಹೆಸರು ಅದರಲ್ಲಿಲ್ಲ. ಇದಕ್ಕೊಂದು ವಿಪರ್ಯಾಸದ ಹಿನ್ನೆಲೆಯೂ ಇದೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯು ಅಂದಿನ ಗೇಣಿದಾರರನ್ನು ಒಡೆಯರನ್ನಾಗಿಸಿ, ಮುಂದೆ ಗೇಣಿ ಪದ್ಧತಿಯನ್ನೇ ನಿಷೇಧಿಸಿತು. ಗೇಣಿ ಅಳಿಯಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾನೂನಿನ ಕಣ್ಣಲ್ಲಿ ಇಲ್ಲದವನಿಗೆ ಪರಿಹಾರ ಕೊಡುವುದೆಂತು? 2020ರ ಏಪ್ರಿಲ್‌ನಲ್ಲಿ ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿ ಸಿಕ್ಕಿದ್ದೂ ಭೂಮಿಯ ಒಡೆಯನಿಗೇ. ಪಹಣಿ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿರುವ ಮನೆಗಳವರಂತೂ ಸ್ವಂತ ಹೊಲದಲ್ಲೇ ಪರಕೀಯರು. ಬೆಳಗಿನ ಜಾವ ಮೊಗ್ಗು ಬಿಡಿಸುವ, ಮಾಲೆ ಕಟ್ಟುವ ಹೆಂಗಸರ ದುಡಿಮೆಯನ್ನು ಅಳೆಯಲು ಹೆಕ್ಟೇರ್ ಎಂಬ ಮಾನವೇ ಒದಗದು.

2021ರ ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದಾಗ ಹೂ ಬೆಳೆಗೆ ಹೆಕ್ಟೇರಿಗೆ 10,000 ರೂಪಾಯಿ ಘೋಷಣೆಯಾಯಿತು. ಮೊತ್ತ ಇಳಿಯಿತು, ಅಳತೆಗೋಲು ಅದೇ. ಆ ವರ್ಷದ ಕೊನೆಗೆ ಈ ಐದೂ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಹೊಸ ವಿಜಯನಗರ ಜಿಲ್ಲೆಯಲ್ಲಿದ್ದವು. ಜಿಲ್ಲೆ ಬದಲಾದರೂ ಪಹಣಿಯ ಅಂಕಣಗಳು ಬದಲಾಗಲಿಲ್ಲ.

ನೆರೆಯ ಆಂಧ್ರಪ್ರದೇಶ 2019ರಲ್ಲೇ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು, ಒಡೆಯನ ಹಕ್ಕಿಗೆ ಚ್ಯುತಿಯಿಲ್ಲದಂತೆ ಹನ್ನೊಂದು ತಿಂಗಳ ಅವಧಿಯ ಕಾರ್ಡ್ ಕೊಡುವ ಏರ್ಪಾಡು ಮಾಡಿತು. ಒಡೆಯನ ಸಹಿ ಬೇಕೆಂಬ ತೊಡಕು ಅದರಲ್ಲಿದೆ, ನಿಜ. ನಮ್ಮಲ್ಲಿ 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ಬೆಳೆಯ ವಿವರ ತುಂಬುವ ವ್ಯವಸ್ಥೆ ಬಂದಿದೆ. ಒಡೆಯನ ಹೆಸರಿನ ಕೆಳಗೆ ‘ಈ ಹಂಗಾಮಿನಲ್ಲಿ ಉತ್ತವರು’ ಎಂಬ ಇನ್ನೊಂದು ಸಾಲು ಸೇರಿಸಲು ಹೊಸ ಇಲಾಖೆಯೇನೂ ಬೇಕಿಲ್ಲ. ಮುಂದಿನ ಬರಗಾಲದ ಪರಿಹಾರದ ಪಟ್ಟಿ ಸಿದ್ಧವಾಗುವ ಮೊದಲು ಆ ಸಾಲು ಅಲ್ಲಿರಬೇಕು.