ದೆಲಕ್ರ್ವಾ ಒಲ್ಲದ ಭಾವಚಿತ್ರ

ಮಹಾಪುರುಷರ ಭಾವಚಿತ್ರಗಳನ್ನು ನಾವು ಪುಸ್ತಕಗಳಲ್ಲಿ ಕಾಣುತ್ತೇವೆ. ಇವರು ಹೀಗಿದ್ದರೆಂದು ನಂಬಿ ಪುಟ ತಿರುವುತ್ತೇವೆ. ಆ ಚಿತ್ರವು ಅವರಿಗೇ ಒಪ್ಪಿಗೆಯಾಗಿತ್ತೇ ಎಂದು ಕೇಳುವವರು ವಿರಳ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಈ ಪ್ರಶ್ನೆ ನಿಜವಾಗಿಯೇ ಉದ್ಭವಿಸಿತು.

1839ರಲ್ಲಿ ಫ್ರಾನ್ಸಿನ ದಗೇರನ ಛಾಯಾಚಿತ್ರಣ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಬಿಂಬವು ನೇರವಾಗಿ ಮೂಡುತ್ತಿದ್ದುದರಿಂದ ಒಂದು ಸಲಕ್ಕೆ ದೊರೆಯುತ್ತಿದ್ದುದು ಒಂದೇ ಚಿತ್ರ. 1851ರಲ್ಲಿ ಇಂಗ್ಲೆಂಡಿನ ಆರ್ಚರನು ಬೇರೊಂದು ವಿಧಾನವನ್ನು ಪ್ರಕಟಿಸಿದನು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಹೊಯ್ದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಆರುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಶ್ರಮವೇನೋ ಹೆಚ್ಚು; ಆದರೆ ಆ ಒಂದು ಗಾಜಿನಿಂದ ಕಾಗದದ ಮೇಲೆ ಹಲವು ಪ್ರತಿಗಳನ್ನು ಪಡೆಯಬಹುದಾಗಿತ್ತು.

ಈ ವಿಧಾನವನ್ನು ಕಲೆಯಾಗಿಸಿದವರಲ್ಲಿ ನದಾರ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫೆಲಿಕ್ಸ್ ತೂರ್ನಶೋಂ (1820–1910) ಅಗ್ರಗಣ್ಯ. ಮೊದಲು ವ್ಯಂಗ್ಯಚಿತ್ರಕಾರನಾಗಿದ್ದ ಈತನಿಗೆ ಮುಖದ ಲಕ್ಷಣವನ್ನು ಹಿಡಿಯುವ ಅಭ್ಯಾಸವಿತ್ತು. ಬರೆದ ಕಂಬಗಳು, ಪರದೆಗಳು ಮುಂತಾದ ಆಡಂಬರವನ್ನು ತೊರೆದು, ಬರಿಯ ಹಿನ್ನೆಲೆಯ ಮುಂದೆ, ಪಕ್ಕದಿಂದ ಬೀಳುವ ಬೆಳಕಿನಲ್ಲಿ ಆತನು ಜನರನ್ನು ಚಿತ್ರಿಸಿದನು. ಸಂಗೀತಕಾರರಾದ ರೊಸ್ಸೀನಿ, ಬರ್ಲಿಯೋಜ್ ಇಬ್ಬರೂ ಆತನ ಕ್ಯಾಮರಾದ ಮುಂದೆ ಕುಳಿತರು. ಲಿಸ್ಟನು 1886ರಲ್ಲಿ, ತಾನು ತೀರಿಕೊಂಡ ವರುಷವೇ, ಕುಳಿತನು. ಛಾಯಾಚಿತ್ರಣದ ಸೂತ್ರಗಳನ್ನು ಯಾರಾದರೂ ಬೇಗನೆ ಕಲಿಯಬಹುದು, ಎದುರಿಗಿರುವವನ ಅಂತರಂಗವನ್ನು ಅರಿಯುವ ಶಕ್ತಿಯನ್ನು ಮಾತ್ರ ಕಲಿಸಲಾಗದು ಎಂಬುದು ನದಾರನ ವಾದ.

1858ರಲ್ಲಿ ವರ್ಣಚಿತ್ರಕಾರ ದೆಲಕ್ರ್ವಾ ಅವನೆದುರು ನಿಂತನು. ಆಗ ಅವನಿಗೆ ಸುಮಾರು 60 ವರುಷ. ಅವನು ಛಾಯಾಚಿತ್ರಣದ ವಿರೋಧಿಯಲ್ಲ. 1851ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಛಾಯಾಚಿತ್ರಣ ಸಂಘದ ಸ್ಥಾಪಕ ಸದಸ್ಯರಲ್ಲೊಬ್ಬ. ಆದರೂ ತನ್ನ ಚಿತ್ರವನ್ನು ಕಂಡು ಖಿನ್ನನಾಗಿ, ಪ್ರತಿಗಳನ್ನೂ ಗಾಜನ್ನೂ ನಾಶಮಾಡಬೇಕೆಂದು ನದಾರನಿಗೆ ಬರೆದು ಬೇಡಿಕೊಂಡನು. ಆದರೆ ಚಿತ್ರವು ಉಳಿಯಿತು.

ಇದೇ ದೆಲಕ್ರ್ವಾ 1838ರಲ್ಲಿ ತನ್ನ ಮಿತ್ರನಾದ ಸಂಗೀತಕಾರ ಶೋಪಾನನನ್ನು ವರ್ಣದಲ್ಲಿ ಚಿತ್ರಿಸಿದ್ದನು. ಅಲ್ಲಿ ಕಾಣುವುದು ಭಾವಾವೇಶದಿಂದ ಉಜ್ಜ್ವಲವಾದ ಮುಖ. ಶೋಪಾನನು ಮೃತನಾದ 1849ರ ಕಾಲದ್ದೆಂದು ಹೇಳುವ ಛಾಯಾಚಿತ್ರದಲ್ಲಾದರೋ, ದಪ್ಪ ಕೋಟು ತೊಟ್ಟು ಕುಳಿತ, ರೋಗದಿಂದ ಬಳಲಿದ ಮನುಷ್ಯನಿದ್ದಾನೆ. ಕುಂಚವು ಮಿತ್ರನಿಗೆ ತೋರಿದ ದಾಕ್ಷಿಣ್ಯವನ್ನು ಗಾಜು ಕುಂಚದ ಒಡೆಯನಿಗೇ ತೋರಲಿಲ್ಲ.

ಇವುಗಳಲ್ಲಿ ಸತ್ಯವಾವುದು? ಎರಡೂ ಎನ್ನಬೇಕು. ನದಾರನ ಚಿತ್ರದಲ್ಲಿ ನಾವಿಂದು ಕಾಣುವುದು ಕುರೂಪವನ್ನಲ್ಲ, ಸ್ವಾಭಿಮಾನಿಯಾದ ಹಿರಿಯನೊಬ್ಬನನ್ನು. ಆದರೂ ಆ ಮುಖದ ಒಡೆಯನು ಅದನ್ನು ಅಳಿಸಬೇಕೆಂದು ಬೇಡಿದ್ದನೆಂಬುದನ್ನು ನೆನೆದಾಗ ನಮ್ಮ ಸಂತೋಷಕ್ಕೆ ಕೊಂಚ ಸಂಕೋಚವೂ ಬೆರೆಯುತ್ತದೆ. ಪರರ ಮುಖವನ್ನು ಸೆರೆಹಿಡಿಯುವುದು ಇಂದು ಕ್ಷಣಮಾತ್ರದ ಕೆಲಸ. ಆ ಸಂಕೋಚವನ್ನು ವಿದ್ಯಾರ್ಥಿಗಳಾದ ನಾವು ಮರೆಯದಿರುವುದು ಲೇಸು.