ಸತ್ತ ಹಸುವಿನ ಸಾಕ್ಷ್ಯ

ಕನ್ನಡ ಪಾಠ ಹೇಳುವವನಿಗೆ ದನಗಳ ರೋಗದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಗೊಡವೆ ನನ್ನದೇ ತಪ್ಪಿನಿಂದ ಬಂದುದು. ಆದುದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

2022ರಲ್ಲಿ ನಾಡಿನಲ್ಲೆಲ್ಲ ಹಬ್ಬಿದ ಚರ್ಮಗಂಟು ರೋಗ ತೊಂಡೇಬಾವಿಯ ನಮ್ಮ ಕೊಟ್ಟಿಗೆಯನ್ನೂ ಬಿಡಲಿಲ್ಲ. ನಮ್ಮ ಗೌರಿಯ ಮೈಯೆಲ್ಲ ಗಂಟು. ಮೇವನ್ನು ಮೂಸಿಯೂ ನೋಡದು. ತಾಯಿಯವರು ವೀಳ್ಯದೆಲೆ, ಮೆಣಸು, ಉಪ್ಪುಗಳನ್ನು ಅರೆದು, ಬೆಲ್ಲದೊಡನೆ ಕಲಸಿ ಹೊತ್ತುಹೊತ್ತಿಗೆ ತಿನ್ನಿಸಿದರು. ಎರಡು ವಾರದಲ್ಲಿ ಗೌರಿ ಚೇತರಿಸಿಕೊಂಡಿತು. “ಮನೆಮದ್ದೇ ಕಣಪ್ಪ ಉಳಿಸಿದ್ದು” ಎಂದರು ತಾಯಿ. ಜನಪದ ವೈದ್ಯದ ಪಾಠ ಬಂದಾಗ ನಾನು ಅದನ್ನೇ ಸಿದ್ಧಾಂತವೆಂಬಂತೆ ತರಗತಿಯಲ್ಲಿ ಸಾರಿದೆ. ತಿಂಗಳು ಕಳೆದ ಮೇಲೆ ವಿದ್ಯಾರ್ಥಿಯೊಬ್ಬ ಬಂದು ನಿಂತ. “ನೀವು ಹೇಳಿದಿರಿ ಅಂತ ನಮ್ಮಪ್ಪನೂ ಅದನ್ನೇ ತಿನ್ನಿಸಿದ್ರು ಸಾರ್. ಡಾಕ್ಟರು ಬರೋ ಹೊತ್ತಿಗೆ ಹಸು ಹೋಗಿತ್ತು.” ಅವರ ಮನೆಗೆ ಹಾಲಿನ ಹಸು ಅದೊಂದೇ. ಹುಡುಗನ ದನಿಯಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಈ ರೋಗ ತಗುಲಿದ ದನಗಳಲ್ಲಿ ಬಹುಪಾಲು ಬದುಕಿ ಉಳಿಯುತ್ತವೆಂಬುದನ್ನು ಆಮೇಲೆ ಓದಿ ತಿಳಿದೆ. ಹಾಗಾದರೆ ಗೌರಿಯನ್ನು ಕಾಪಾಡಿದ್ದು ಮದ್ದೋ, ಅದರ ಮೈಯ ಕಸುವೋ? ಒಂದು ಹಸುವನ್ನು ಕೇಳಿ ಇದಕ್ಕೆ ಉತ್ತರ ಹೇಳಲಾಗದು.

ಇಂಥ ಪ್ರಶ್ನೆಗಳಿಗಾಗಿಯೇ ಬಾಳನ್ನು ಮುಡಿಪಿಟ್ಟ ವಿದ್ವಾಂಸರಿದ್ದಾರೆ. ಆಸ್ಟ್ರೇಲಿಯದಲ್ಲಿ ಪಶುವೈದ್ಯ ಕಲಿತು, ಅಮೆರಿಕದ ಅಯೋವ ಮತ್ತು ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಬೋಧಿಸಿದ ಆನೆಟ್ ಓಕಾನರ್ ಅವರಲ್ಲೊಬ್ಬರು. ಕೆನಡದ ಜ್ಯಾನ್ ಸಾರ್ಜೆಂಟ್ ಮೊದಲಾದವರೊಡನೆ ಕೂಡಿ ಅವರು 2010ರಲ್ಲಿ ‘ರಿಫ್ಲೆಕ್ಟ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಮನುಷ್ಯರ ಮೇಲಿನ ಔಷಧ ಪರೀಕ್ಷೆಗಳಿಗೆ ಮೊದಲೇ ಇದ್ದ ಕಟ್ಟಳೆಗಳನ್ನು ಅದು ಸಾಕುಪ್ರಾಣಿಗಳಿಗೆ ಹೊಂದಿಸಿತು. ಯಾವ ದನಕ್ಕೆ ಮದ್ದು, ಯಾವುದಕ್ಕೆ ಇಲ್ಲ ಎಂಬುದು ಸಂಶೋಧಕನ ಮರ್ಜಿಯಿಂದಲ್ಲದೆ ಚೀಟಿ ಎತ್ತಿದಂತೆ ತೀರ್ಮಾನವಾಯಿತೆ? ಗುಣವನ್ನು ಅಳೆದವನಿಗೆ ಮದ್ದು ತಿಂದದ್ದು ಯಾವುದೆಂದು ಗೊತ್ತಿತ್ತೆ? ನಡುವೆ ಎಷ್ಟು ಸತ್ತವು? ಇವೆಲ್ಲವನ್ನೂ ಬಿಚ್ಚಿ ಬರೆಯಬೇಕು. ಒಂದೇ ದೊಡ್ಡಿಯಲ್ಲಿ ಕೂಡಿಹಾಕಿದ ನೂರು ದನ ನೂರು ಸಾಕ್ಷಿಗಳಾಗುವುದಿಲ್ಲ. ಅವು ತಿನ್ನುವ ಮೇವು, ಕುಡಿಯುವ ನೀರು, ಹತ್ತುವ ರೋಗ ಎಲ್ಲವೂ ಒಂದೇ ಆಗಿರುವುದರಿಂದ ದೊಡ್ಡಿಗಳನ್ನೂ ಎಣಿಸಬೇಕು.

ಗ್ರಂಥಸಂಪಾದನೆಯನ್ನು ಬೋಧಿಸುವ ನನಗೆ ಇದು ಹೊಸತೆನಿಸಬಾರದಾಗಿತ್ತು. ಡಿ.ಎಲ್. ನರಸಿಂಹಾಚಾರ್ಯರಂಥವರು ನಮಗೆ ಕಲಿಸಿದ ಶಿಸ್ತೂ ಇದೇ ಅಲ್ಲವೆ? ತನಗೆ ಒಪ್ಪಿದ ಪಾಠವನ್ನು ಮೇಲಿರಿಸಿದ ಸಂಪಾದಕ, ಒಪ್ಪದ ಪಾಠಾಂತರಗಳನ್ನು ಅಡಿಯಲ್ಲಿ ಕೊಡಲೇಬೇಕು. ಸತ್ತ ಹಸುವೆಂದರೆ ಕೊಟ್ಟಿಗೆಯ ಪಾಠಾಂತರ. ಓಲೆಗರಿಯ ಮುಂದೆ ಅಷ್ಟು ಎಚ್ಚರದಿಂದಿರುವ ನಾನು ಹಸುವಿನ ವಿಷಯದಲ್ಲಿ ಒಂದೇ ಪ್ರತಿಯನ್ನು ನಂಬಿ ಅಚ್ಚು ಹಾಕಿಸಿದ್ದೆ.

ಈ ಶಿಸ್ತಿನ ಫಲವೇನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಯಲಹಂಕವನ್ನು ಹಾಯುತ್ತದೆ. ಪಶುರೋಗಗಳು ಹರಡುವ ಬಗೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಇರುವುದು ಅಲ್ಲಿಯೇ. ಹಿಂದೆ ಊರಿಗೂರನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗ ಭಾರತದಲ್ಲಿ ಕೊನೆಯ ಬಾರಿ ಕಾಣಿಸಿದ್ದು 1995ರಲ್ಲಿ. ಆದರೆ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಾಗದು. ಊರೂರಿನ ಹಿಂಡುಗಳನ್ನು ಹುಡುಕಿ, ರಕ್ತವನ್ನು ಪರೀಕ್ಷಿಸಿ ಸಾಕ್ಷ್ಯ ಒದಗಿಸಿದ ಮೇಲೆಯೇ 2006ರಲ್ಲಿ ಲೋಕ ನಮ್ಮ ಮಾತನ್ನು ಒಪ್ಪಿತು. 2011ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಿಸಲಾಯಿತು.

ಮರುವರ್ಷ ಅದೇ ಪಾಠ ಬಂದಾಗ ಎರಡು ಹಸುಗಳ ಕಥೆಯನ್ನೂ ಹೇಳಿದೆ. ತಾಯಿಯವರು ಇಂದಿಗೂ ಮದ್ದು ಅರೆಯುತ್ತಾರೆ. ನಾನು ಬೇಡವೆನ್ನುವುದಿಲ್ಲ, ಡಾಕ್ಟರಿಗೆ ಮೊದಲು ಫೋನು ಮಾಡಿ, ಆಮೇಲೆ ವೀಳ್ಯದೆಲೆ ತರಲು ಹೊರಡುತ್ತೇನೆ.