ಮಾಲೂರಿನ 248 ಮತಗಳು

2023ರ ವಿಧಾನಸಭಾ ಚುನಾವಣೆಯಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಉಳಿದದ್ದು ಬರೀ 248 ಮತ. ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರಿಗೆ 50,955, ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗೆ 50,707. ಬಿಜೆಪಿ ಟಿಕೆಟ್ ಕೈತಪ್ಪಿದ ಮೇಲೆ ಪಕ್ಷೇತರರಾಗಿ ನಿಂತ ಹೂಡಿ ವಿಜಯಕುಮಾರ್ ಕೂಡ 49 ಸಾವಿರ ದಾಟಿದ್ದರು.

ಮಂಜುನಾಥಗೌಡರು ಹೈಕೋರ್ಟ್ ಮೆಟ್ಟಿಲೇರಿದರು. ಜನಪ್ರತಿನಿಧಿ ಕಾಯ್ದೆ ತಕರಾರು ಅರ್ಜಿ ಹಾಕಲು ಕೊಡುವುದು 45 ದಿನ. ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ತೀರ್ಪು ಬಂದದ್ದು 2025ರ ಸೆಪ್ಟೆಂಬರಿನಲ್ಲಿ, ಅಂದರೆ ಶಾಸಕರ ಅವಧಿ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ. ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ಕೋರ್ಟಿಗೆ ಹಾಜರುಪಡಿಸದಿದ್ದುದು ಅಲ್ಲಿ ದೊಡ್ಡ ಪ್ರಶ್ನೆಯಾಯಿತು. ಸುಪ್ರೀಂ ಕೋರ್ಟ್ ಆಯ್ಕೆ ರದ್ದತಿಗೆ ತಡೆ ಕೊಟ್ಟು, ಮರುಎಣಿಕೆ ಮಾತ್ರ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ತನ್ನ ಬಳಿ ಬರಲಿ ಎಂದಿತು. ನವೆಂಬರಿನಲ್ಲಿ ಕೋಲಾರದಲ್ಲಿ ಮತ್ತೆ ಎಣಿಕೆ ನಡೆಯಿತು.

ನನ್ನ ತಕರಾರು ಯಾರು ಗೆಲ್ಲಬೇಕಿತ್ತು ಎಂಬುದರ ಬಗ್ಗೆ ಅಲ್ಲ. ಬಿಸಿಲಲ್ಲಿ ಸಾಲು ನಿಂತು ಮತ ಹಾಕಿದವರಿಗೆ ತಮ್ಮ ಮತ ಸರಿಯಾಗಿ ಎಣಿಕೆಯಾಯಿತೇ ಎಂದು ತಿಳಿಯಲು ಇಷ್ಟು ಕಾಲ ಬೇಕೇ?

ಹೋಲಿಕೆಗೆ ಜರ್ಮನಿಯ ಬರ್ಲಿನ್ ನೋಡಿ. ಅಲ್ಲಿ 2021ರ ಸೆಪ್ಟೆಂಬರ್ 26ರಂದು ರಾಜ್ಯ ಶಾಸನಸಭೆಗೆ ಮತದಾನ ನಡೆಯಿತು. ಅದೇ ದಿನ ಊರಲ್ಲಿ ಮ್ಯಾರಥಾನ್ ಓಟ. ಮತಗಟ್ಟೆಗಳಲ್ಲಿ ಮತಪತ್ರ ಸಾಲದೆ ಜನ ಗಂಟೆಗಟ್ಟಲೆ ಕಾದರು. 2022ರ ನವೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದುಪಡಿಸಿತು. 2023ರ ಫೆಬ್ರವರಿ 12ಕ್ಕೆ ಮರುಮತದಾನವೂ ಮುಗಿಯಿತು. ಎರಡನೇ ಸ್ಥಾನದ ಎಸ್‌ಪಿಡಿಗೂ ಮೂರನೇ ಸ್ಥಾನದ ಗ್ರೀನ್ ಪಕ್ಷಕ್ಕೂ ನಡುವೆ ಇದ್ದದ್ದು 53 ಮತ. ಹೊಸ ಮೇಯರ್ ಆಗಿ ಸಿಡಿಯು ಪಕ್ಷದ ಕೈ ವೆಗ್ನರ್ ಏಪ್ರಿಲಿನಲ್ಲಿ ಬಂದರು. ಬರ್ಲಿನ್ ನ್ಯಾಯಾಲಯದ ತೀರ್ಪೂ ತಡವೇ. ಆದರೆ ಅವ್ಯವಸ್ಥೆ ನಡೆದ ದಿನದಿಂದ ಒಂದೂವರೆ ವರ್ಷದೊಳಗೆ ಒಂದು ಇಡೀ ರಾಜ್ಯ ಮತ್ತೆ ಮತ ಹಾಕಿ ಎದ್ದಿತ್ತು.

ನಮ್ಮ ಜಿಲ್ಲೆಯಲ್ಲಿ ಫಲಿತಾಂಶದ ನಂತರದ ಕಥೆಯೇ ಯಾವಾಗಲೂ ಉದ್ದ. ಮುಳಬಾಗಿಲಿನಲ್ಲಿ 2018ರಲ್ಲಿ ಜಾತಿ ಪ್ರಮಾಣಪತ್ರದ ವಿವಾದದಿಂದ ಕಾಂಗ್ರೆಸ್ಸಿನ ಕೊತ್ತೂರು ಮಂಜುನಾಥ್ ನಾಮಪತ್ರ ತಿರಸ್ಕೃತವಾಯಿತು. ಕಾಂಗ್ರೆಸ್ ಬೆಂಬಲದಿಂದ ಗೆದ್ದ ಪಕ್ಷೇತರ ಎಚ್. ನಾಗೇಶ್ 2019ರ ಜೂನಿನಲ್ಲಿ ಕುಮಾರಸ್ವಾಮಿ ಸಂಪುಟ ಸೇರಿ, ಜುಲೈನಲ್ಲಿ ಬೆಂಬಲ ವಾಪಸ್ ಪಡೆದು, ಬಳಿಕ ಯಡಿಯೂರಪ್ಪ ಸರ್ಕಾರದಲ್ಲೂ ಮಂತ್ರಿಯಾದರು. ಕೋಲಾರದಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಕೆ. ಶ್ರೀನಿವಾಸಗೌಡರು 2022ರ ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಮತ ಹಾಕಿ ಅದನ್ನು ಬಹಿರಂಗವಾಗಿಯೇ ಹೇಳಿದರು. ಮತ ಕೊಟ್ಟವರನ್ನು ಈ ಎರಡೂ ಕಡೆ ಯಾರೂ ಮತ್ತೆ ಕೇಳಲಿಲ್ಲ.

ಶ್ರೀನಿವಾಸಪುರದ ಮತದಾರರು ಮಾತ್ರ ತಮ್ಮ ಲೆಕ್ಕವನ್ನು ತಾವೇ ಇಟ್ಟುಕೊಂಡವರು. ನಾಲ್ಕು ದಶಕಗಳಿಗೂ ಮೇಲೆ ಕೆ.ಆರ್. ರಮೇಶ್ ಕುಮಾರ್, ಜಿ.ಕೆ. ವೆಂಕಟಶಿವಾರೆಡ್ಡಿ ಇಬ್ಬರನ್ನೇ ಸರದಿಯಂತೆ ಆರಿಸಿದರು. ಪಕ್ಷಗಳು ಬದಲಾದವು, ಇಬ್ಬರೂ ಬದಲಾಗಲಿಲ್ಲ. 2018ರಲ್ಲಿ ರಮೇಶ್ ಕುಮಾರ್ ಸತತ ಎರಡನೇ ಸಲ ಗೆದ್ದು ಸರದಿ ತಪ್ಪಿಸಿದರು. 2019ರಲ್ಲಿ ಸ್ಪೀಕರ್ ಸ್ಥಾನದಿಂದ 17 ಶಾಸಕರನ್ನು ಅನರ್ಹಗೊಳಿಸಿ ದೇಶದ ಗಮನ ಸೆಳೆದರು. 2023ರಲ್ಲಿ ಅದೇ ಜನ ಅವರನ್ನು ಸೋಲಿಸಿ ರೆಡ್ಡಿಯವರನ್ನು ಮತ್ತೆ ಕಳಿಸಿದರು. ಸರಿಯೋ ತಪ್ಪೋ, ಅದು ಮತಪೆಟ್ಟಿಗೆಯಲ್ಲೇ ಆದ ತೀರ್ಮಾನ. ಅದಕ್ಕೇ ನನಗೆ ಅದರ ಮೇಲೆ ಗೌರವ.

ಮಾಲೂರಿಗೂ ಸಲ್ಲಬೇಕಾದದ್ದು ಅದೇ. ಎಣಿಕೆ ಕೇಂದ್ರದ ವಿಡಿಯೊ ಕೇಸು ಮುಗಿಯುವ ತನಕ ಭದ್ರವಾಗಿರಬೇಕು, ಕೇಳಿದ ದಿನ ಕೋರ್ಟಿನ ಮುಂದೆ ಬರಬೇಕು. ಆರು ತಿಂಗಳ ಮಾತನ್ನು ಪ್ರಯತ್ನವೆಂದಲ್ಲ, ಗಡುವೆಂದೇ ಕಾನೂನು ಹೇಳಬೇಕು. ಇವೆರಡೂ 2028ರ ಚುನಾವಣೆಗೆ ಮುಂಚೆ ಆಗಬೇಕು.